ಪಂಪು ಹಿಡಿಸಿದರೆ ಅಭ್ಯಾಸವಾಗುತ್ತದೆಯೇ?

‘ಆರು ವರ್ಷದ ಮಗಳಿಗೆ ಉಬ್ಬಸ. ಡಾಕ್ಟರು ಪಂಪು ಬರೆದುಕೊಟ್ಟಿದ್ದಾರೆ. ಅದನ್ನು ಹಿಡಿಸಿದರೆ ಜೀವನಪೂರ್ತಿ ಬಿಡಲಾಗುವುದಿಲ್ಲವಂತೆ. ಸಿರಪ್‌ನಲ್ಲೇ ಸುಧಾರಿಸಬಹುದಲ್ಲವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಮಳೆಗಾಲ ಹಿಡಿದು ಮಕ್ಕಳ ಕೆಮ್ಮು ಶುರುವಾದೊಡನೆ ಮನೆಮನೆಯಲ್ಲೂ ಏಳುವ ಪ್ರಶ್ನೆ ಇದು.

ಮೊದಲು ಲೆಕ್ಕ ನೋಡೋಣ. ಬಿಗಿದ ಉಸಿರ್ನಾಳವನ್ನು ಸಡಿಲಿಸುವ ಔಷಧ ಸಾಲ್ಬುಟಮಾಲ್. ಸಿರಪ್‌ನ 5 ಮಿ.ಲೀ. ಚಮಚೆಯಲ್ಲಿ ಅದು ಸಾಮಾನ್ಯವಾಗಿ 2 ಮಿಲಿಗ್ರಾಂ ಇರುತ್ತದೆ. ಪಂಪಿನ, ಅಂದರೆ ಇನ್‌ಹೇಲರಿನ, ಒಂದು ಪಫ್‌ನಲ್ಲಿ ಬರೀ 100 ಮೈಕ್ರೊಗ್ರಾಂ. ಅಂದರೆ ಒಂದು ಚಮಚೆ ಸಿರಪ್ಪಿನಲ್ಲಿ 20 ಪಫ್‌ನಷ್ಟು ಔಷಧ! ಒಂದು ತೆಂಗಿನ ಬುಡ ನೆನೆಯಲೆಂದು ಇಡೀ ತೋಟಕ್ಕೆ ನೀರು ಹಾಯಿಸುವುದಕ್ಕೂ ಬುಡಕ್ಕೇ ಹನಿ ನೀರಾವರಿ ಮಾಡುವುದಕ್ಕೂ ಇರುವ ಅಂತರ ಇದು. ಹನಿ ನೀರಾವರಿಯಲ್ಲಿ ನೀರೂ ಕಡಿಮೆ, ಕಳೆಯೂ ಕಡಿಮೆ. ಹೊಟ್ಟೆಗೆ ಹೋದ ಔಷಧ ರಕ್ತ ಸೇರಿ ಮೈಯೆಲ್ಲ ಸುತ್ತಬೇಕು. ಸಿರಪ್ ಕುಡಿದ ಮಗುವಿನ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಅದಕ್ಕೇ. ಪಂಪಿನದು ನೇರ ಉಸಿರ್ನಾಳಕ್ಕೆ ಹೋಗಿ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ.

ಈ ಪಂಪು ಹುಟ್ಟಿದ್ದೂ ಒಬ್ಬ ಹುಡುಗಿಯ ಪ್ರಶ್ನೆಯಿಂದಲೇ. 1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಕಂಪನಿಯ ಮುಖ್ಯಸ್ಥರಾಗಿದ್ದ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳು ಸೂಸಿಗೆ ಅಸ್ತಮಾ ಇತ್ತು. ಆಗ ಇದ್ದದ್ದು ರಬ್ಬರ್ ಬುರುಡೆ ಹಿಸುಕುವ ಗಾಜಿನ ಉಪಕರಣ. ಎಲ್ಲಿಗೂ ಒಯ್ಯುವಂತಿಲ್ಲ, ಬಿದ್ದರೆ ಚೂರು. ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿಯಂತೆ ನನ್ನ ಔಷಧವೂ ಯಾಕೆ ಬರಬಾರದು ಎಂದು ಆಕೆ ಅಪ್ಪನನ್ನು ಕೇಳಿದಳು. ಕಂಪನಿಯ ರಸಾಯನಶಾಸ್ತ್ರಜ್ಞ ಇರ್ವಿಂಗ್ ಪೊರುಷ್, ಸುಗಂಧದ್ರವ್ಯಕ್ಕೆಂದು ರೂಪಿಸಿದ್ದ ಅಳತೆಯ ಕವಾಟವನ್ನು ಹೊಂದಿಸಿದರು. 1956ರಲ್ಲಿ ಪಂಪು ಮಾರುಕಟ್ಟೆಗೆ ಬಂತು.

ಆದರೆ ನಿರಾಳವಾಗುವುದೇ ಗುಣವಾಗುವುದಲ್ಲ. 1960ರ ದಶಕದಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಅಸ್ತಮಾ ಸಾವು ಒಮ್ಮೆಲೇ ಏರಿತು. ಸಂಶಯ ಹೋದದ್ದು ಆಗಿನ ಐಸೊಪ್ರೆನಲಿನ್ ಪಂಪಿನ ಮೇಲೆ, ಅದರಲ್ಲೂ ಅದರ ಹೆಚ್ಚು ಸಾಮರ್ಥ್ಯದ ಮಾದರಿಯ ಮೇಲೆ. ಸಾಲ್ಬುಟಮಾಲ್ ಅದಕ್ಕಿಂತ ಎಷ್ಟೋ ಸುರಕ್ಷಿತ. ಆದರೂ ಅದು ಬಿಗಿತವನ್ನು ಬಿಡಿಸುತ್ತದೆಯೇ ಹೊರತು ಉಸಿರ್ನಾಳದ ಒಳಗೋಡೆಯ ಊತವನ್ನು ಇಳಿಸುವುದಿಲ್ಲ. ಊತ ಇಳಿಸುವುದು ಇನ್ನೊಂದು ಪಂಪಿನ ಸ್ಟೀರಾಯ್ಡ್: ಬ್ಯುಡೆಸೊನೈಡ್ ಅಥವಾ 1972ರಲ್ಲಿ ಬಂದ ಬೆಕ್ಲೊಮೆಥಾಸೋನ್. ಅಸ್ತಮಾ ಚಿಕಿತ್ಸೆಯ ಜೀವಾಳವೇ ಇದು. ನಮ್ಮಲ್ಲಿ ಮಗು ಒಂದು ವಾರ ಚೆನ್ನಾಗಿ ನಿದ್ದೆ ಮಾಡಿದರೆ ಸಾಕು, ಮೊದಲು ನಿಲ್ಲುವುದೂ ಇದೇ. ನಿಲ್ಲಿಸಿದಾಗ ಉಬ್ಬಸ ಮರಳುವುದು ಅಭ್ಯಾಸದಿಂದಲ್ಲ, ಊತ ಒಳಗೇ ಉಳಿದಿರುವುದರಿಂದ. ಎರಡು ಮೂರು ತಿಂಗಳು ಹತೋಟಿಯಲ್ಲಿದ್ದರೆ ಡಾಕ್ಟರೇ ಪ್ರಮಾಣ ಇಳಿಸುತ್ತಾ ಬರುತ್ತಾರೆ.

ಸ್ಟೀರಾಯ್ಡ್ ಎಂದರೆ ಬೆಳವಣಿಗೆ ಕುಂಠಿತವಾಗುತ್ತದೆಂಬ ಹೆದರಿಕೆ ಪೂರ್ತಿ ಸುಳ್ಳಲ್ಲ. ದಿನಕ್ಕೆ 400 ಮೈಕ್ರೊಗ್ರಾಂ ಬ್ಯುಡೆಸೊನೈಡ್ ಅನ್ನು ವರ್ಷಗಟ್ಟಲೆ ಪಡೆದ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಎತ್ತರದಲ್ಲಿ ಸರಾಸರಿ 1.2 ಸೆಂ.ಮೀ. ಕಡಿಮೆ, ಅಷ್ಟೇ. ಇರುಳೆಲ್ಲ ಕುಳಿತೇ ಉಸಿರೆಳೆಯುವ ಮಗುವಿನ ಬಾಲ್ಯದ ಎದುರು ಈ ಒಂದು ಸೆಂಟಿಮೀಟರನ್ನು ಇಟ್ಟು ತೂಗಿ ನೋಡಿ.

ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಪೊಳ್ಳು ಕೊಳವೆ, ಅಂದರೆ ಸ್ಪೇಸರ್, ಇಲ್ಲದೆ ಮಗುವಿಗೆ ಪಂಪು ಕೊಡಬೇಡಿ. ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಸ್ಪೇಸರ್ ದುಬಾರಿಯೆನಿಸಿದ ಕಡೆಗೂ ದಾರಿ ಸಿಕ್ಕಿದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಮಕ್ಕಳ ವೈದ್ಯೆ ಹೆದರ್ ಜಾರ್ ಮತ್ತು ಸಂಗಡಿಗರು 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ತೂತು ಕೊರೆದು, ಪಂಪು ಸಿಕ್ಕಿಸಿ, ಸಂದು ಮುಚ್ಚಿ ಪರೀಕ್ಷಿಸಿದರು. ಅಂಗಡಿಯ ಸ್ಪೇಸರಿನಷ್ಟೇ ಅದೂ ಕೆಲಸ ಮಾಡಿತೆಂದು 1999ರಲ್ಲಿ ವರದಿ ಮಾಡಿದರು. ಸ್ಟೀರಾಯ್ಡ್ ಪಂಪು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸುವುದನ್ನು ಮರೆಯಬಾರದು.

ಬೆಂಗಳೂರಿನ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆದದ್ದನ್ನು ದಾಖಲಿಸಿದ್ದಾರೆ. ಈ ಏರಿಕೆಯಲ್ಲಿ ಪಾಲಿರುವ ಊರಿನ ಹೊಗೆಯನ್ನು ಒಬ್ಬ ತಾಯಿ ತಡೆಯಲಾರಳು. ಮಗು ಮಲಗುವ ಕೋಣೆಯಿಂದ ಸೊಳ್ಳೆಬತ್ತಿ, ಊದುಬತ್ತಿ, ಬೀಡಿ ಸಿಗರೇಟುಗಳನ್ನು ದೂರವಿಡುವುದು ಮಾತ್ರ ಮನೆಯವರ ಕೈಯಲ್ಲೇ ಇದೆ.

ಮಗು ಒಂದು ವಾಕ್ಯ ಮುಗಿಸಲಾರದಷ್ಟು ಏದುಸಿರು ಬಿಡುತ್ತಿದ್ದರೆ, ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಕಷಾಯ, ಹಬೆ ಎಂದು ಕಾಯಬೇಡಿ. ಸ್ಪೇಸರಿನಲ್ಲಿ ಸಾಲ್ಬುಟಮಾಲ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ.