ಮನೆ ಕೊಳ್ಳುವ ಮುನ್ನ ಬಡಾವಣೆಯ ನಾಡಿ ಹಿಡಿದು ನೋಡಿ

ಮನೆ ನೋಡಲು ಹೋದವರು ಮೊದಲು ಗಮನಿಸುವುದು ಬಾಗಿಲು ಯಾವ ದಿಕ್ಕಿಗಿದೆ ಎಂಬುದನ್ನು. ಆಮೇಲೆ ಅಡುಗೆಮನೆ ಆಗ್ನೇಯಕ್ಕಿದೆಯೇ, ಖಾತೆ ಸರಿಯಿದೆಯೇ, ಬ್ಯಾಂಕಿನವರು ಸಾಲ ಕೊಡುತ್ತಾರೆಯೇ ಎಂದು ವಿಚಾರಿಸುತ್ತಾರೆ. ಆ ಬಡಾವಣೆಗೆ ನೀರು ಎಲ್ಲಿಂದ ಬರುತ್ತದೆ, ಬಚ್ಚಲು ಮತ್ತು ಕಕ್ಕಸಿನ ನೀರು ಎಲ್ಲಿಗೆ ಹೋಗುತ್ತದೆ, ರಾತ್ರಿ ಹೊತ್ತು ಗಾಳಿ ಯಾವ ವಾಸನೆ ತರುತ್ತದೆ ಎಂದು ಕೇಳುವವರು ಅಪರೂಪ. ಈ ಪ್ರಶ್ನೆಗಳೆಲ್ಲ ಗೃಹಪ್ರವೇಶವಾಗಿ ವರ್ಷ ಕಳೆದ ಮೇಲೆ ವೈದ್ಯರ ಕೋಣೆಯಲ್ಲಿ ಏಳುತ್ತವೆ. ಆ ಹೊತ್ತಿಗೆ ಇಪ್ಪತ್ತು ವರ್ಷದ ಸಾಲದ ಮೊದಲ ಕಂತುಗಳು ಕಟ್ಟಿ ಆಗಿರುತ್ತವೆ.

ಬೆಂಗಳೂರಿನೊಳಗೆ ಮನೆ ಕೊಳ್ಳುವುದು ಸಂಬಳದಾರರ ಕೈಗೆಟುಕದೇ ಹೋಗಿ ಬಹಳ ಕಾಲವಾಯಿತು. ಬಿಡದಿ, ರಾಮನಗರ, ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆ, ಮಾಲೂರು, ಆನೇಕಲ್ಲು, ಕೊನೆಗೆ ತುಮಕೂರಿನಲ್ಲೂ ಮನೆ ಮಾಡಿಕೊಂಡು ದಿನವೂ ರಾಜಧಾನಿಗೆ ಹೋಗಿಬರುವ ಕುಟುಂಬಗಳು ಈಗ ಲೆಕ್ಕಕ್ಕೆ ಸಿಗದಷ್ಟಿವೆ. ಇಂಥದೊಂದು ಊರಿನಲ್ಲಿ ಹದಿನೆಂಟು ವರ್ಷಗಳಿಂದ ಚಿಕಿತ್ಸಾಲಯ ನಡೆಸುತ್ತಿರುವ ನನಗೆ, ಸಂಜೆಯ ರೈಲು ಇಳಿದು ನೇರವಾಗಿ ಬರುವ ರೋಗಿಗಳದ್ದೇ ಒಂದು ಪ್ರತ್ಯೇಕ ವರ್ಗವೆಂದು ಅನ್ನಿಸಿದೆ. ಊರ ಹೊರಗಿನ ಮನೆ ಕೆಟ್ಟದ್ದೆಂದು ನಾನು ಹೇಳಲಾರೆ. ಅದೇ ಊರಿನಲ್ಲಿ ಒಂದು ಬಡಾವಣೆಗೂ ಇನ್ನೊಂದಕ್ಕೂ ಅಜಗಜಾಂತರವಿರುತ್ತದೆ ಎಂಬುದಷ್ಟೇ ಈ ವಾರದ ವಿಷಯ.

ಮೊದಲು ದೂರದ ಮಾತು. ನಿವೇಶನದ ಬ್ರೋಕರು "ಮುಕ್ಕಾಲು ಗಂಟೆ ದಾರಿ ಸಾರ್" ಎನ್ನುತ್ತಾನೆ. ಅದು ಭಾನುವಾರ ಬೆಳಗಿನ ಮುಕ್ಕಾಲು ಗಂಟೆ. ಅದೂ ನಗರದ ಅಂಚಿನವರೆಗೆ ಮಾತ್ರ. ನಿಮಗೆ ಬೇಕಾದ ಲೆಕ್ಕ ಬೇರೆ: ಮನೆಯ ಬಾಗಿಲು ಹಾಕಿದ ಗಳಿಗೆಯಿಂದ ಕಚೇರಿಯ ಕುರ್ಚಿಯಲ್ಲಿ ಕೂರುವವರೆಗೆ ಎಷ್ಟು ಹೊತ್ತು? ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 250 ದಿನ ಕೆಲಸವೆಂದರೆ 750 ಗಂಟೆಯಾಯಿತು. ಅಂದರೆ ಹಗಲು ರಾತ್ರಿ ಸೇರಿಸಿ 31 ದಿನ. ವರ್ಷದಲ್ಲಿ ಒಂದು ಇಡೀ ತಿಂಗಳು ಬಸ್ಸಿನಲ್ಲೋ ರೈಲಿನಲ್ಲೋ ಕಳೆದಂತೆ.

ಈ ತಿಂಗಳು ಎಲ್ಲಿಂದ ಬರುತ್ತದೆ ಗೊತ್ತೇ? ಕಚೇರಿಯ ವೇಳೆಯಿಂದ ಬರುವುದಿಲ್ಲ. ನಿದ್ರೆಯಿಂದ, ನಡಿಗೆಯಿಂದ, ಮಕ್ಕಳೊಡನೆ ಕೂತು ಉಣ್ಣುವ ಹೊತ್ತಿನಿಂದ ಬರುತ್ತದೆ. ನನ್ನಲ್ಲಿಗೆ ಬರುವ ಮೂವತ್ತೆಂಟು ವರ್ಷದ ಗೃಹಸ್ಥರೊಬ್ಬರು ಬೆಳಿಗ್ಗೆ ಆರೂಕಾಲಿಗೆ ಮನೆ ಬಿಟ್ಟರೆ ತಿರುಗಿ ಬರುವುದು ರಾತ್ರಿ ಎಂಟೂಮುಕ್ಕಾಲಿಗೆ. ಒಂಬತ್ತೂವರೆಗೆ ಭರ್ತಿ ಊಟ, ಹನ್ನೊಂದೂವರೆಗೆ ಮಲಗುವುದು, ಐದಕ್ಕೆ ಏಳುವುದು. ಮೂರು ವರ್ಷದಲ್ಲಿ ಒಂಬತ್ತು ಕಿಲೋ ತೂಕ ಹೆಚ್ಚಿತು, ರಕ್ತದೊತ್ತಡ 150/100ಕ್ಕೆ ಏರಿತು, ರಕ್ತದ ಸಕ್ಕರೆ ಗಡಿಯ ಮೇಲೆ ನಿಂತಿದೆ. ಬೆನ್ನುನೋವಂತೂ ಸರಿಯೇ. ವಯಸ್ಕರಿಗೆ ದಿನಕ್ಕೆ ಕನಿಷ್ಠ ಏಳು ಗಂಟೆ ನಿದ್ರೆ ಬೇಕು. ಅದು ತಪ್ಪುತ್ತ ಹೋದರೆ ಹಸಿವು ಹೆಚ್ಚುತ್ತದೆ, ಇನ್ಸುಲಿನ್ನಿನ ಕೆಲಸ ಮಂದವಾಗುತ್ತದೆ, ರಕ್ತದೊತ್ತಡ ರಾತ್ರಿಯೂ ಇಳಿಯುವುದಿಲ್ಲ. ಅವರಿಗೆ ಮಾತ್ರೆ ಬರೆದುಕೊಟ್ಟಿದ್ದೇನೆ, ಅವರು ತಪ್ಪದೆ ನುಂಗುತ್ತಾರೆ. ಆದರೆ ಆ ಮನೆಯ ಐದು ವರ್ಷದ ಮಗು ಅಪ್ಪನನ್ನು ಎಚ್ಚರದಲ್ಲಿ ನೋಡುವುದು ವಾರಕ್ಕೆ ಒಂದೂವರೆ ದಿನ ಎಂಬುದಕ್ಕೆ ನನ್ನ ಬಳಿ ಮಾತ್ರೆಯಿಲ್ಲ.

ಹೆಣ್ಣುಮಕ್ಕಳ ತೊಂದರೆ ಇನ್ನೂ ಒಂದು ತೂಕ ಹೆಚ್ಚು, ಅವರು ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಬಸ್ಸಿನಲ್ಲಿ ಶೌಚಾಲಯವಿಲ್ಲ, ರೈಲಿನಲ್ಲಿದ್ದರೂ ಆ ನೂಕುನುಗ್ಗಲಿನಲ್ಲಿ ಹೋಗುವಂತಿಲ್ಲ. ಹಾಗಾಗಿ ಬೆಳಿಗ್ಗೆ ಏಳರಿಂದ ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ಉರಿಮೂತ್ರ, ಪದೇಪದೇ ಬರುವ ಮೂತ್ರನಾಳದ ಸೋಂಕು, ಮೂತ್ರಪಿಂಡದ ಕಲ್ಲು ಇವೆಲ್ಲ ಅದರ ಬೆನ್ನಿಗೇ ಬರುತ್ತವೆ. ಮನೆ ನೋಡುವಾಗ ಗಂಡ ತನ್ನ ಕಚೇರಿಯ ದೂರವನ್ನಷ್ಟೇ ಅಳೆದು, ಹೆಂಡತಿಯ ಶಾಲೆಯೋ ಬ್ಯಾಂಕೋ ನಗರದ ಇನ್ನೊಂದು ಮೂಲೆಯಲ್ಲಿರುವುದನ್ನು "ನೋಡಿಕೊಂಡರಾಯಿತು" ಎಂದು ಬಿಟ್ಟ ಪ್ರಸಂಗಗಳು ನನಗೆ ಬಹಳ ಗೊತ್ತು.

ಆದ್ದರಿಂದ ನಿಮ್ಮ ಕೆಲಸ ನಗರದ ಯಾವ ಮಗ್ಗುಲಿನಲ್ಲಿದೆಯೋ ಅದೇ ಮಗ್ಗುಲಿನ ಊರನ್ನು ಆರಿಸಿ. ಪೀಣ್ಯದ ಕೆಲಸಕ್ಕೆ ನೆಲಮಂಗಲ ಸರಿ. ವೈಟ್‌ಫೀಲ್ಡಿಗೆ ಹೊಸಕೋಟೆ, ಮಾಲೂರು. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗೆ ಆನೇಕಲ್ಲು, ಅತ್ತಿಬೆಲೆ. ನಮ್ಮ ಮೆಟ್ರೊ ನೇರಳೆ ಮಾರ್ಗವು 2023ರ ಅಕ್ಟೋಬರಿನಲ್ಲಿ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೆ ಬಂತು, ಹಸಿರು ಮಾರ್ಗವು 2024ರ ನವೆಂಬರಿನಲ್ಲಿ ತುಮಕೂರು ರಸ್ತೆಯ ಮಾದಾವರ ಮುಟ್ಟಿತು, ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ತೆರೆಯಿತು. ಇವುಗಳಿಂದ ಅನುಕೂಲವಾಗಿದೆ, ನಿಜ. ಆದರೆ ನಿಲ್ದಾಣದಿಂದ ನಿಮ್ಮ ಮನೆಗೆ ರಾತ್ರಿ ಎಂಟಕ್ಕೆ ಏನು ಸಿಗುತ್ತದೆ ಎಂಬುದನ್ನು ಸ್ವತಃ ನಿಂತು ನೋಡಬೇಕು. ಮುಂಗಡ ಕೊಡುವ ಮೊದಲು ಒಂದು ಇಡೀ ವಾರ, ಸೋಮವಾರವೂ ಸೇರಿದಂತೆ, ಅಲ್ಲಿಂದ ಓಡಾಡಿ. ಅನುಕೂಲವಿದ್ದರೆ ಅದೇ ಬಡಾವಣೆಯಲ್ಲಿ ಮಳೆಗಾಲ ದಾಟುವವರೆಗೆ ಬಾಡಿಗೆಗಿರಿ. ಆರು ತಿಂಗಳ ಬಾಡಿಗೆ ದುಡ್ಡು ದಂಡವೆನ್ನಿಸಬಹುದು. ತಪ್ಪು ಮನೆ ಕೊಂಡ ನಷ್ಟದ ಮುಂದೆ ಅದು ಏನೂ ಅಲ್ಲ.

ಇನ್ನು ಹೆದ್ದಾರಿ. "ಹೈವೇ ಪಕ್ಕದಲ್ಲೇ" ಎಂಬುದು ಜಾಹೀರಾತಿನಲ್ಲಿ ಹೆಮ್ಮೆಯ ಮಾತು. ವೈದ್ಯರಿಗೆ ಅದು ಎಚ್ಚರಿಕೆಯ ಗಂಟೆ. ವಾಹನಗಳ ಹೊಗೆಯ ದಟ್ಟಣೆ ರಸ್ತೆಯಂಚಿನಲ್ಲಿ ಅತಿ ಹೆಚ್ಚು. ದೂರ ಸರಿದಂತೆ ತಗ್ಗುತ್ತ, ಸುಮಾರು 300ರಿಂದ 500 ಮೀಟರ್ ಹೊತ್ತಿಗೆ ಊರಿನ ಸಾಮಾನ್ಯ ಗಾಳಿಯ ಮಟ್ಟಕ್ಕೆ ಬರುತ್ತದೆ. ಮನೆಯಲ್ಲಿ ಉಬ್ಬಸದ ಮಗುವೋ ಹೃದ್ರೋಗದ ಹಿರಿಯರೋ ಇದ್ದರೆ ಅಷ್ಟು ದೂರ ಒಳಗೆ ಹೋಗಿಯೇ ಮನೆ ನೋಡಿ. ಶಬ್ದದ ಕಾಟವೂ ಸಣ್ಣದಲ್ಲ. ನಮ್ಮ ಕಾನೂನಿನ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು. ಇಳಿಜಾರಿನಲ್ಲಿ ಬ್ರೇಕು ಹಾಕುವ ಲಾರಿಗೆ ಈ ಕಾನೂನು ಓದಲು ಬರುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಶಾಲೆ, ಹಾಲಿನ ಅಂಗಡಿ, ರೈಲು ನಿಲ್ದಾಣ ಹೆದ್ದಾರಿಯ ಆಚೆಗಿವೆಯೋ ಈಚೆಗಿವೆಯೋ ಎಂಬುದು. ದಿನಕ್ಕೆ ನಾಲ್ಕು ಸಲ ಕಾಲ್ನಡಿಗೆಯಲ್ಲಿ ರಸ್ತೆ ದಾಟಬೇಕಾದ ಮನೆ, ಅಗ್ಗವಾದರೂ ಬೇಡ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ದ್ವಿಚಕ್ರ ವಾಹನ ಮತ್ತು ಆಟೊಗಳಿಗೆ ಪ್ರವೇಶವಿಲ್ಲವೆಂಬುದನ್ನೂ ಸ್ಕೂಟರ್ ನಂಬಿಕೊಂಡವರು ನೆನಪಿಡಬೇಕು.

ಈಗ ನೀರಿನ ವಿಚಾರಕ್ಕೆ ಬರೋಣ. ಹೊಸ ಬಡಾವಣೆಗಳಲ್ಲಿ ಹೆಚ್ಚಿನವು ಕೊಳವೆಬಾವಿಯನ್ನೇ ನಂಬಿರುತ್ತವೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಆಳದ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೆಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ ಹೆಚ್ಚೆಂದರೆ 1.5. ಅದಕ್ಕೂ ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲುಗಳು ಬಿಗಿಯುತ್ತವೆ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಎಂಟು ವರ್ಷದೊಳಗೆ. ಒಮ್ಮೆ ಬಿದ್ದ ಕಲೆ ತಿಕ್ಕಿದರೆ ಹೋಗುವುದಿಲ್ಲ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. "ಕಾಯಿಸಿ ಕುಡಿಯುತ್ತೇವೆ ಡಾಕ್ಟ್ರೇ" ಎನ್ನುತ್ತಾರೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚೇ ಆಗುತ್ತದೆ. ಇನ್ನೊಂದು, ಪೆನ್ನಿನಂಥ ಟಿಡಿಎಸ್ ಮೀಟರು. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜನ್ನು ಹೇಳುತ್ತದೆಯೇ ಹೊರತು, ಅದರಲ್ಲಿ ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಎಂದು ಹೇಳಲಾರದು. ಕೊಳಚೆ ಅಥವಾ ಗೊಬ್ಬರದ ನೀರು ಅಂತರ್ಜಲ ಸೇರಿದೆ ಎಂಬುದಕ್ಕೆ ನೈಟ್ರೇಟ್ ಒಂದು ಸುಳಿವು. ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಲ್ಲಿ ಬಾಟಲಿ ಹಾಲು ಕಲಸಿ ಕೊಟ್ಟರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟಬಹುದು. ನಲ್ಲಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಫ್ಲೋರೈಡ್, ನೈಟ್ರೇಟ್, ಗಡಸುತನ ಮತ್ತು ಇ. ಕೋಲಿ ಎಂಬ ಮಲಜನ್ಯ ರೋಗಾಣು, ಈ ನಾಲ್ಕನ್ನು ಹೆಸರು ಹೇಳಿಯೇ ಕೇಳಿ. ನೋಂದಣಿ ಖರ್ಚಿನ ಮುಂದೆ ಈ ವೆಚ್ಚ ಲೆಕ್ಕಕ್ಕೇ ಇಲ್ಲ.

ಒಳಚರಂಡಿ ಬರದ ಬಡಾವಣೆಯಲ್ಲಿ ಪ್ರತಿ ಮನೆಗೂ ಒಂದು ಸೆಪ್ಟಿಕ್ ಟ್ಯಾಂಕ್ ಅಥವಾ ಇಂಗುಗುಂಡಿ ಇರುತ್ತದೆ, ಹಲವು ಮನೆಗಳಿಗೆ ಸ್ವಂತ ಕೊಳವೆಬಾವಿಯೂ ಇರುತ್ತದೆ. ಇವೆರಡರ ನಡುವೆ ಕನಿಷ್ಠ 50 ಅಡಿ ಅಂತರ ಬೇಕು. ಈಗ ನಮ್ಮ ಮಧ್ಯಮ ವರ್ಗದ ಪ್ರೀತಿಯ ಮೂವತ್ತು–ನಲವತ್ತರ ನಿವೇಶನವನ್ನು ತೆಗೆದುಕೊಳ್ಳಿ. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದರೆ ಸರಿಯಾಗಿ 50 ಅಡಿ! ನಿಮ್ಮ ಗುಂಡಿಯನ್ನು ನೀವು ಎಷ್ಟೇ ಜಾಣತನದಿಂದ ತೋಡಿಸಿದರೂ ಪಕ್ಕದವರ ಕೊಳವೆಬಾವಿ ಅದರ ಮಗ್ಗುಲಲ್ಲೇ ಬಂದಿರುತ್ತದೆ. ಟೈಫಾಯ್ಡ್ ಮತ್ತು ಕಾಮಾಲೆ ಒಂದೇ ಬೀದಿಯಲ್ಲಿ ಸಾಲಾಗಿ ಬರುವುದು ಹೀಗೆಯೇ. ಹೆಪಟೈಟಿಸ್ 'ಇ' ಕಾಮಾಲೆ ಗರ್ಭಿಣಿಯರ ಪ್ರಾಣಕ್ಕೇ ಎರವಾಗಬಲ್ಲದು. ಒಳಚರಂಡಿ "ಬರುತ್ತದೆ" ಎಂಬ ಮಾತಿಗೆ ಬೆಲೆ ಕೊಡಬೇಡಿ. ಬಂದು ಹರಿಯುತ್ತಿರುವುದನ್ನು ನೋಡಿ.

ನೀರು ವಾರಕ್ಕೊಮ್ಮೆ ಬಿಡುವ ಕಡೆ ಮನೆಮನೆಯಲ್ಲೂ ಡ್ರಮ್ಮು, ಸಂಪು ತುಂಬಿಟ್ಟಿರುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕೊಳಚೆಗಿಂತ ಇಂಥ ತಿಳಿನೀರನ್ನೇ ಬಯಸುತ್ತದೆ. ನಮ್ಮ ರಾಜ್ಯ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಗಿ ಬಂತು. ಅಕ್ಕಪಕ್ಕದಲ್ಲಿ ಅರ್ಧಕ್ಕೆ ನಿಂತ ಕಟ್ಟಡಗಳಿದ್ದು, ತೊಟ್ಟಿಯಲ್ಲಿ ನೀರು ನಿಂತಿದ್ದರೆ ನಿಮ್ಮ ಮನೆಯ ಚೊಕ್ಕತನ ಅರ್ಧವೇ ಫಲ ಕೊಡುತ್ತದೆ.

ಆಯಾ ಊರಿನ ಕಸುಬನ್ನೂ ಗಮನಿಸಿ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ, ರಾಮನಗರ ಮತ್ತು ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಘಟಕ. ಅವು ಆ ಊರಿಗೆ ಅನ್ನ ಕೊಟ್ಟ ಕಸುಬುಗಳು. ಆಮೇಲೆ ಬಂದ ನಾವು ಅವನ್ನು ದೂರುವುದು ನ್ಯಾಯವಲ್ಲ. ಆದರೆ ಗೋಡೆಯಾಚೆ ಮಗ್ಗ ಓಡುವುದು, ಗೂಡು ಬೇಯಿಸುವ ಹೊಗೆ, ವಾಸನೆ ನಿಮ್ಮ ಮಗುವಿನ ಉಬ್ಬಸಕ್ಕೆ ಆಗಿಬರುತ್ತದೆಯೇ ಎಂದು ಮೊದಲೇ ಯೋಚಿಸಿ. ಕಲ್ಲುಪುಡಿ ಮಾಡುವ ಕ್ರಷರ್ ಹತ್ತಿರವಿದ್ದರೆ ನಾನಂತೂ ಅಲ್ಲಿ ಮನೆ ಕೊಳ್ಳೆನು. ಮನೆ ನೋಡಲು ಮಧ್ಯಾಹ್ನ ಹೋಗಬೇಡಿ. ರಾತ್ರಿ ಒಂಬತ್ತಕ್ಕೆ ಒಮ್ಮೆ, ಚಳಿಗಾಲದ ಬೆಳಗಿನ ಆರಕ್ಕೆ ಒಮ್ಮೆ ಹೋಗಿ. ತಣ್ಣನೆಯ ಗಾಳಿ ನೆಲದ ಮೇಲೆ ಕೂತ ಆ ಹೊತ್ತಿನಲ್ಲಿ ಕಸ ಸುಟ್ಟ ಹೊಗೆ ಎಲ್ಲಿ ನಿಲ್ಲುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಕೆರೆಯಂಗಳದ ನಿವೇಶನವನ್ನು ಗುರುತಿಸಲು ಹತ್ತಿರದ ಹಳ್ಳಿಯ ಹಿರಿಯರೊಬ್ಬರನ್ನು ಮಾತಾಡಿಸಿದರೆ ಸಾಕು. 2022ರ ಆಗಸ್ಟಿನ ಮಳೆಯಲ್ಲಿ ರಾಮನಗರದ ಸುತ್ತ ನೀರು ತನ್ನ ಹಳೆಯ ದಾರಿಗಳನ್ನು ತಾನೇ ತೋರಿಸಿತು. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಸುಲಿದಿದ್ದರೆ ಒಳಗೆ ಶೀತವಿದೆ, ಶೀತವಿದ್ದಲ್ಲಿ ಬೂಷ್ಟು, ಬೂಷ್ಟಿನಿಂದ ಕೆಮ್ಮು ದಮ್ಮು.

ಅಪ್ಪ ಅಮ್ಮ ಜೊತೆಗಿದ್ದರೆ ಇನ್ನೊಂದು ಲೆಕ್ಕವಿದೆ. ಅರವತ್ತು ನಿವೇಶನಗಳಲ್ಲಿ ನಾಲ್ಕೇ ಮನೆ ಎದ್ದಿರುವ ಬಡಾವಣೆಯಲ್ಲಿ ಹಗಲೆಲ್ಲ ಅವರಿಬ್ಬರೇ. ಬೀದಿದೀಪವಿಲ್ಲ, ನಾಯಿಗಳ ಹಿಂಡು, ಹೊಲದಿಂದ ಬರುವ ಹಾವು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹುಚ್ಚುನಾಯಿ ಕಡಿತದ ಲಸಿಕೆ, ಹಾವಿನ ವಿಷಕ್ಕೆ ಪ್ರತಿವಿಷ ಇದೆಯೇ ಎಂದು ಕೇಳಿ ಬನ್ನಿ. ಪಾರ್ಶ್ವವಾಯು ಬಡಿದಾಗ ರಕ್ತದ ಗರಣೆ ಕರಗಿಸುವ ಮದ್ದು ಕೊಡಬಹುದಾದದ್ದು ನಾಲ್ಕೂವರೆ ಗಂಟೆಯೊಳಗೆ ಮಾತ್ರ, ಅದಕ್ಕೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಯೇ ಬೇಕು. ಎದೆನೋವಿಗೆ ಈಗ ಸ್ವಲ್ಪ ನೆಮ್ಮದಿ: 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮತ್ತು ಗರಣೆ ಕರಗಿಸುವ ಚುಚ್ಚುಮದ್ದಿನ ಏರ್ಪಾಡಾಗಿದೆ. 108ರ ವಾಹನ ನಿಮ್ಮ ಬೀದಿಯನ್ನು ಹುಡುಕಿ ಬರುವಂತೆ ಬಡಾವಣೆಗೆ ಹೆಸರಿನ ಫಲಕವಾದರೂ ಇದೆಯೇ ನೋಡಿ.

ಮೊಬೈಲ್ ಗೋಪುರದ ಬಗ್ಗೆ ಬಹಳ ಜನ ಹೆದರಿ ಕೇಳುತ್ತಾರೆ. ಅದರಿಂದ ಕ್ಯಾನ್ಸರ್ ಬರುತ್ತದೆಂದು ಸಿದ್ಧವಾಗಿಲ್ಲ. ಗೋಪುರದ ಡೀಸೆಲ್ ಜನರೇಟರು ಮಲಗುವ ಕೋಣೆಯ ಕಿಟಕಿಗೆ ಎದುರಾಗಿದ್ದರೆ ಅದಕ್ಕೆ ಹೆದರಿ.

ಈಗಾಗಲೇ ಕೊಂಡಾಗಿದೆ ಎನ್ನುವವರು ಕೈಚೆಲ್ಲಬೇಕಿಲ್ಲ. ಮಲಗುವ ಕೋಣೆಯನ್ನು ರಸ್ತೆಯಿಂದ ಹಿಂಬದಿಗೆ ಬದಲಿಸಿ. ಸಂದಣಿ ತಗ್ಗಿದ ಹೊತ್ತಿನಲ್ಲಿ ಮಾತ್ರ ರಸ್ತೆ ಕಡೆಯ ಕಿಟಕಿ ತೆರೆಯಿರಿ. ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲು ಮಾತ್ರವಲ್ಲ, ಅನ್ನ, ಬೇಳೆ ಬೇಯಿಸಲೂ ಆರ್.ಒ. ನೀರನ್ನೇ ಬಳಸಿ. ಸಂಪಿಗೆ ಬಿಗಿಯಾದ ಮುಚ್ಚಳ ಹಾಕಿ, ಡ್ರಮ್ಮುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ಒಣಗಿಸಿ. ರೈಲಿಗೆ ಹೋಗುವವರು ರಾತ್ರಿಯ ಭರ್ತಿ ಊಟವನ್ನು ಸಂಜೆ ಏಳರೊಳಗಿನ ಬುತ್ತಿಗೆ ಹಂಚಿ, ಮನೆಗೆ ಬಂದ ಮೇಲೆ ಮಜ್ಜಿಗೆ ಅನ್ನವಷ್ಟೇ ಉಣ್ಣಿ. ನಿಲ್ದಾಣಕ್ಕೆ ಒಂದೂವರೆ ಕಿಲೋಮೀಟರ್ ಒಳಗಿದ್ದರೆ, ದಾರಿಯಲ್ಲಿ ಬೆಳಕಿದ್ದರೆ, ಸ್ಕೂಟರನ್ನು ಮನೆಯಲ್ಲೇ ಬಿಟ್ಟು ನಡೆಯಿರಿ.