ಎರಡು ಸಂಕ, ಒಂದು ಗೇಟು

ಬಸರೀಕಟ್ಟೆಯ ಕಡೆ ಮಳೆಗಾಲ ಹಿಡಿದರೆ ಹಳ್ಳ ತುಂಬುತ್ತದೆ. ಕೊಪ್ಪ ತಾಲ್ಲೂಕಿನ ಈ ಸೀಮೆಯಲ್ಲಿ ಮನೆಗಳು ಅಡಿಕೆ, ಕಾಫಿ ತೋಟಗಳ ನಡುವೆ ದೂರದೂರ. ಒಂದು ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಎರಡು ಹಳ್ಳ, ಎರಡಕ್ಕೂ ಒಂದೊಂದು ಕಾಲುಸಂಕ ಇದೆ ಎಂದಿಟ್ಟುಕೊಳ್ಳಿ. ಎರಡೂ ಸಂಕ ಸರಿಯಿದ್ದರೆ ಮಾತ್ರ ಶಾಲೆ. ಒಂದು ಮುಳುಗಿದರೂ ಅಷ್ಟೇ, ಎರಡೂ ಮುಳುಗಿದರೂ ಅಷ್ಟೇ: ಮಗುವಿಗೆ ಅಂದು ರಜೆ.

ಈ ರಜೆಯ ಲೆಕ್ಕವೇ ನ್ಯಾಂಡ್ ಗೇಟ್. ಸಂಕ ಸರಿಯಿದ್ದರೆ 1, ಮುಳುಗಿದ್ದರೆ 0. ರಜೆ ಇದ್ದರೆ 1, ಇಲ್ಲದಿದ್ದರೆ 0. ಒಳಬರುವ ಎರಡೂ ಸುದ್ದಿ 1 ಆದಾಗ ಮಾತ್ರ ಹೊರಬರುವ ಉತ್ತರ 0. ಉಳಿದ ಮೂರು ಸಂದರ್ಭಗಳಲ್ಲೂ 1. ಗೇಟಿಗೆ ಗೊತ್ತಿರುವುದು ಇಷ್ಟೇ. ಆದರೆ ಇದೊಂದನ್ನೇ ಬೇಕಾದಷ್ಟು ಸಂಖ್ಯೆಯಲ್ಲಿ ಜೋಡಿಸುತ್ತ ಹೋದರೆ ಇಡೀ ಕಂಪ್ಯೂಟರನ್ನೇ ಕಟ್ಟಬಹುದು. ಪಿಯುಸಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುವವರು ಇದನ್ನು ‘ಯೂನಿವರ್ಸಲ್ ಗೇಟ್’ ಎಂದು ಕಲಿಯುವುದು ಅದಕ್ಕೇ.

ಕಟ್ಟುವುದು ಹೇಗೆ? ಒಂದೇ ಸುದ್ದಿಯನ್ನು ಗೇಟಿನ ಎರಡೂ ಕಿವಿಗೆ ಹೇಳಿದರೆ ಅದು ತಿರುಗುಮುರುಗಾಗಿ ಹೊರಬರುತ್ತದೆ: 1 ಕೊಟ್ಟರೆ 0, 0 ಕೊಟ್ಟರೆ 1. ಇದು ‘ನಾಟ್’. ನ್ಯಾಂಡ್‌ನ ಉತ್ತರವನ್ನು ಹೀಗೆ ಇನ್ನೊಮ್ಮೆ ತಿರುಗಿಸಿದರೆ ‘ಆಂಡ್’; ರಜೆಯ ಲೆಕ್ಕ ಶಾಲೆಯ ಲೆಕ್ಕವಾಗುತ್ತದೆ. ಇದಕ್ಕೆ ಎರಡು ಗೇಟು ಸಾಕು. ‘ಆರ್’ ಸ್ವಲ್ಪ ಯೋಚನೆ ಬೇಡುತ್ತದೆ. ‘ಎರಡೂ ಸಂಕ ಮುಳುಗಿವೆ ಎಂಬುದು ಸುಳ್ಳು’ ಎಂದರೆ ‘ಒಂದಾದರೂ ಸರಿಯಿದೆ’ ಎಂದೇ ಅರ್ಥ ತಾನೆ? ಹಾಗಾಗಿ ಎರಡೂ ಸುದ್ದಿಯನ್ನು ಮೊದಲು ತಿರುಗಿಸಿ, ಆಮೇಲೆ ನ್ಯಾಂಡ್‌ಗೆ ಕೊಟ್ಟರೆ ‘ಆರ್’ ಸಿಗುತ್ತದೆ. ಒಟ್ಟು ಮೂರು ಗೇಟು. ಮಾತಿನ ಈ ತಿರುವನ್ನು ಗಣಿತದ ನಿಯಮವಾಗಿಸಿದ ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ನಮ್ಮ ನೆರೆಯ ಮಧುರೆಯಲ್ಲಿ, 1806ರಲ್ಲಿ.

ಒಂದೇ ಕ್ರಿಯೆಯಿಂದ ತರ್ಕವೆಲ್ಲವನ್ನೂ ಹೇಳಬಹುದು ಎಂದು ಅಮೆರಿಕದ ಹೆನ್ರಿ ಶೆಫರ್ 1913ರಲ್ಲಿ ಪ್ರಕಟಿಸಿದರು. ಚಾರ್ಲ್ಸ್ ಪರ್ಸ್ 1880ರ ಸುಮಾರಿಗೇ ಇದನ್ನು ಕಂಡುಕೊಂಡಿದ್ದರು, ಆದರೆ ಅಚ್ಚು ಹಾಕಿಸಿರಲಿಲ್ಲ. ಆಗ ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ. ಅದು ಬರಿಯ ತರ್ಕಶಾಸ್ತ್ರ.

ಆ ಶಾಸ್ತ್ರ ಚಂದ್ರನವರೆಗೂ ಹೋಯಿತು. ಅಪೊಲೊ ನೌಕೆಗಳ ದಾರಿ ನೋಡಿಕೊಂಡ ಕಂಪ್ಯೂಟರಿನ ತರ್ಕಭಾಗವನ್ನು ಕಟ್ಟಿದ್ದು ನ್ಯಾಂಡ್‌ನ ಜೋಡಿಯಾದ ‘ನಾರ್’ ಗೇಟಿನಿಂದ. 1969ರಲ್ಲಿ ಮನುಷ್ಯರನ್ನು ಚಂದ್ರನ ಮೇಲಿಳಿಸಿದ ಮಾದರಿಯಲ್ಲಿ ಸುಮಾರು 2,800 ಚಿಪ್‌ಗಳಿದ್ದವು; ಪ್ರತಿಯೊಂದರಲ್ಲೂ ಎರಡೆರಡು ನಾರ್. ಬಿಡಿಭಾಗ ಒಂದೇ ಬಗೆಯದಾದರೆ ಅದನ್ನು ಸಾವಿರಗಟ್ಟಲೆ ತರಿಸಿ, ಕಟ್ಟುನಿಟ್ಟಾಗಿ ಪರೀಕ್ಷಿಸಿ, ಅದರ ಗುಣದೋಷವನ್ನೆಲ್ಲ ಅರಿಯಬಹುದು. ಪ್ರಾಣ ಪಣಕ್ಕಿಟ್ಟ ಪ್ರಯಾಣಕ್ಕೆ ಆ ಭರವಸೆ ಬೇಕಿತ್ತು.

ಕರ್ನಾಟಕದ ಕಾಲೇಜು ಪ್ರಯೋಗಾಲಯಗಳಿಗೆ ಇದೇ ವಿದ್ಯೆ ಬಂದದ್ದು ‘7400’ ಎಂಬ ಐಸಿಯ ರೂಪದಲ್ಲಿ. ಜೀರುಂಡೆಯಂಥ ಕಪ್ಪು ಮೈ, 14 ಕಾಲು, ಒಳಗೆ ನಾಲ್ಕು ನ್ಯಾಂಡ್. ಈ ಸರಣಿಯನ್ನು 1960ರ ದಶಕದಲ್ಲಿ ಹೊರತಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಭಾರತದಲ್ಲಿ ಅಂಥ ಕೇಂದ್ರ ತೆರೆದ ಮೊದಲ ಬಹುರಾಷ್ಟ್ರೀಯ ಕಂಪನಿಗಳಲ್ಲಿ ಅದೂ ಒಂದು.

ಆ ಒಂದು ಚಿಪ್ಪಿನಿಂದ ಮನೆಯಲ್ಲೇ ಏನು ಮಾಡಬಹುದು? ಮಹಡಿ ಮೆಟ್ಟಿಲಿನ ದೀಪವನ್ನು ನೆನೆಯಿರಿ. ಕೆಳಗೊಂದು ಸ್ವಿಚ್, ಮೇಲೊಂದು. ಯಾವುದನ್ನು ಒತ್ತಿದರೂ ದೀಪದ ಸ್ಥಿತಿ ಬದಲಾಗುತ್ತದೆ. ಇದು ‘ಎಕ್ಸಾರ್’: ಎರಡೂ ಬೇರೆ ಬೇರೆ ಇದ್ದರೆ 1, ಒಂದೇ ಆಗಿದ್ದರೆ 0. ಇದಕ್ಕೆ ಬೇಕಾದದ್ದು ಸರಿಯಾಗಿ ನಾಲ್ಕು ನ್ಯಾಂಡ್. ಮೊದಲನೆಯದಕ್ಕೆ ಎರಡೂ ಸ್ವಿಚ್. ಅದರ ಉತ್ತರದ ಜೊತೆ ಒಂದು ಸ್ವಿಚ್ ಎರಡನೆಯದಕ್ಕೆ, ಇನ್ನೊಂದು ಸ್ವಿಚ್ ಮೂರನೆಯದಕ್ಕೆ. ಆ ಎರಡರ ಉತ್ತರ ನಾಲ್ಕನೆಯದಕ್ಕೆ. ಬ್ರೆಡ್‌ಬೋರ್ಡ್, ಕೆಲವು ವೈರು, ರೆಸಿಸ್ಟರು, ಒಂದು ಎಲ್‌ಇಡಿ ಜೊತೆಗಿರಬೇಕು. ವಿದ್ಯುತ್ತಿಗೆ 5 ವೋಲ್ಟಿನ ಮೊಬೈಲ್ ಚಾರ್ಜರ್ ಸಾಕು.

ಈ ಮೆಟ್ಟಿಲು ದೀಪವೇ ಕೂಡುವ ಲೆಕ್ಕವೂ ಹೌದು. 0 ಮತ್ತು 1 ಮಾತ್ರ ಇರುವ ಅಂಕಪದ್ಧತಿಯಲ್ಲಿ ಎರಡು ಅಂಕಿ ಕೂಡಿದಾಗ ಬರುವ ಬಿಡಿಸ್ಥಾನವನ್ನು ಎಕ್ಸಾರ್ ಹೇಳುತ್ತದೆ. ಒಂದಕ್ಕೆ ಒಂದು ಕೂಡಿದಾಗ ಉಳಿಯುವ ‘ದಶಕ’ವನ್ನು ಹಿಡಿಯಲು, ಮೊದಲ ನ್ಯಾಂಡ್‌ನ ಉತ್ತರವನ್ನು ಐದನೆಯ ನ್ಯಾಂಡ್‌ನಲ್ಲಿ ತಿರುಗಿಸಿದರಾಯಿತು. ಐದು ಗೇಟಿಗೆ ‘ಹಾಫ್ ಆಡರ್’ ತಯಾರು. ಹಿಂದಿನ ಸ್ಥಾನದ ದಶಕವನ್ನೂ ಸೇರಿಸಿ ಕೂಡುವ ‘ಫುಲ್ ಆಡರ್’ಗೆ ಬೇಕಾದದ್ದು ಒಂಬತ್ತು. ಇನ್ನು, ಎರಡು ನ್ಯಾಂಡ್‌ಗಳಲ್ಲಿ ಒಂದರ ಉತ್ತರವನ್ನು ಇನ್ನೊಂದಕ್ಕೆ ಅಡ್ಡಜೋಡಿಸಿದರೆ ಅವು ಕೊನೆಗೆ ಕೇಳಿದ ಸುದ್ದಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ನೆನಪು ಶುರುವಾಗುವುದು ಅಲ್ಲಿಂದ.

ಫುಲ್ ಆಡರ್ ಕಟ್ಟಲು ಹೊರಟ ವಿದ್ಯಾರ್ಥಿಗೆ ಮೂರು 7400 ಬೇಕು. ಅದರಲ್ಲಿ ಹನ್ನೆರಡು ಗೇಟು. ಒಂಬತ್ತು ಲೆಕ್ಕಕ್ಕೆ ಹೋದರೆ ಮೂರು ಉಳಿಯುತ್ತವೆ. ಅದರಲ್ಲಿ ಎರಡನ್ನು ಅಡ್ಡಜೋಡಿಸಿ ಒಂದು ಬಿಟ್ ನೆನಪಿಟ್ಟರೂ ಕೈಯಲ್ಲಿ ಇನ್ನೂ ಒಂದು ಗೇಟು ಮಿಕ್ಕಿರುತ್ತದೆ.