ಆಟ ಮೊದಲೋ, ಮಿಲಿಟ್ರಿ ಮೊದಲೋ?



ಹೋದ ತಿಂಗಳು ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಒಂದು ಜಗಳ ಆಯ್ತು. ನಮ್ಮ ದೊಡ್ಡಪ್ಪನ ಮಗ ಹೊಸದುರ್ಗದಲ್ಲಿ ಕಾಲೇಜು ಓದುತ್ತಾನೆ, ಒಳ್ಳೆ ರೈಡರ್. ಹೊಳಲ್ಕೆರೆ ಕಡೆ, ಹಿರಿಯೂರು ಕಡೆ ಎಲ್ಲಿ ಹೊನಲು ಬೆಳಕಿನ ಕಬಡ್ಡಿ ಇದ್ದರೂ ಅವನನ್ನು ಕರೆಯುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು ಕೆರೆ ಏರಿ ಮೇಲೆ ಓಡುವುದೂ ಉಂಟು. ಯಾಕೆಂದರೆ ಅಗ್ನಿವೀರ ಭರ್ತಿಯಲ್ಲಿ 1.6 ಕಿಲೋಮೀಟರ್ ಓಟ ಇರುತ್ತದೆ. ಅವತ್ತು ಅವನು, "ಇನ್ನೆರಡು ವರ್ಷ ಕಬಡ್ಡಿ ಆಡ್ತೀನಿ, ಲೀಗಿಗೆ ಟ್ರೈ ಮಾಡ್ತೀನಿ, ಆಮೇಲೆ ಮಿಲಿಟ್ರಿ" ಅಂದ. ದೊಡ್ಡಪ್ಪ ತಟ್ಟೆ ಬಿಟ್ಟು ಎದ್ದರು. "ಮಿಲಿಟ್ರಿಯವರು ನಿನಗೋಸ್ಕರ ಕಾಯ್ಕೊಂಡು ಕೂತಿರ್ತಾರೇನೋ? ವಯಸ್ಸು ಮೀರಿದ ಮೇಲೆ ಯಾರು ತಗೊಂತಾರೆ?"

ಹೀಗೆ ಸೈನ್ಯವನ್ನು ಮುಂದಕ್ಕೆ ಹಾಕಿ ಆಟ ಆಡಿದವರು ಎಲ್ಲಾದರೂ ಇದ್ದಾರಾ ಅಂತ ನಮ್ಮ ಪಿ.ಟಿ. ಮೇಷ್ಟ್ರನ್ನು ಕೇಳಿದೆ. "ಅಮೇರಿಕಾದಲ್ಲಿ ಇದ್ದಾರೆ, ಓದಿಕೊಂಡು ಗೋಡೆ ಪತ್ರಿಕೆಗೆ ಬರಿ" ಅಂದರು. ಅದಕ್ಕೇ ಈ ಲೇಖನ.

ಅಮೇರಿಕಾದಲ್ಲಿ ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಗಳಿವೆ. ನಮ್ಮ ಪುಣೆ ಹತ್ತಿರದ ಖಡಕ್‌ವಾಸ್ಲಾದ ಎನ್.ಡಿ.ಎ. ಇದ್ದ ಹಾಗೆ. ಅಲ್ಲಿ ಓದು, ಊಟ, ವಸತಿ ಎಲ್ಲಾ ಸರ್ಕಾರದ್ದೇ. ಅದಕ್ಕೆ ಬದಲಾಗಿ ಓದು ಮುಗಿದ ಮೇಲೆ ಕಡಿಮೆ ಅಂದರೂ ಐದು ವರ್ಷ ಸೇವೆ ಮಾಡಬೇಕು. ಅಲ್ಲಿ ಓದುವಾಗಲೇ ಕೆಲವರು ದೊಡ್ಡ ಆಟಗಾರರಾಗಿಬಿಡುತ್ತಾರೆ. ಆಗ ದುಡ್ಡು ಕೊಡುವ ತಂಡಗಳು ಕರೆಯುತ್ತವೆ. ತೊಡಕು ಶುರುವಾಗುವುದೇ ಅಲ್ಲಿ.

ರೋಜರ್ ಸ್ಟೌಬಾಕ್ ಎಂಬವರು 1965ರಲ್ಲಿ ನೌಕಾ ಅಕಾಡೆಮಿಯಿಂದ ಹೊರಬಂದರು. ಅವರ ಆಟ ಅಮೇರಿಕಾದ ಫುಟ್‌ಬಾಲ್. ಅದು ಬರೀ ಕಾಲಲ್ಲಿ ಒದೆಯುವ ಆಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎದುರಿನವರು ನಮ್ಮ ಕಬಡ್ಡಿ ಹಾಗೆ ಹಿಡಿದು ಕೆಡವುತ್ತಾರೆ. ಡಲ್ಲಾಸ್ ತಂಡ ಅವರನ್ನು ಮೊದಲೇ ಆರಿಸಿಕೊಂಡಿತ್ತು. ಆದರೂ ಅವರು ನಾಲ್ಕು ವರ್ಷ ಸೇವೆ ಮಾಡಿದರು, ವಿಯೆಟ್ನಾಂಗೂ ಹೋಗಿ ಬಂದರು. ತಂಡ ಸೇರಿದ್ದು 1969ರಲ್ಲಿ, 27ನೇ ವಯಸ್ಸಿನಲ್ಲಿ. ಆ ವಯಸ್ಸಿಗೆ ಹೊಸಬ ಎಂದರೆ ನಗುವವರೇ ಹೆಚ್ಚು. 1972ರ ಜನವರಿಯಲ್ಲಿ ಅಲ್ಲಿನ ದೊಡ್ಡ ಫೈನಲ್ ಗೆದ್ದಾಗ ಅವರೇ ಪಂದ್ಯಶ್ರೇಷ್ಠ!

ಡೇವಿಡ್ ರಾಬಿನ್ಸನ್ ಅವರ ಕಥೆ ನನಗೆ ಇನ್ನೂ ಇಷ್ಟ. ಅವರು ಬಾಸ್ಕೆಟ್‌ಬಾಲ್ ಆಟಗಾರ. ಅಕಾಡೆಮಿ ಸೇರಿದ ಮೇಲೂ ಬೆಳೆದೇ ಬೆಳೆದರು, ಏಳು ಅಡಿ ದಾಟಿದರು. ಹಡಗಿನ ಒಳಗೆ ಅಷ್ಟು ಎತ್ತರದ ಮನುಷ್ಯ ಕೆಲಸ ಮಾಡುವುದು ಹೇಗೆ? ಹಾಗಾಗಿ ನೌಕಾಪಡೆ ಅವರ ಸೇವೆಯನ್ನು ಎರಡು ವರ್ಷಕ್ಕೆ ಇಳಿಸಿತು. 1987ರಲ್ಲೇ ಅವರನ್ನು ಮೊದಲನೆಯವರಾಗಿ ಆರಿಸಿದ್ದ ಸ್ಯಾನ್ ಆಂಟೋನಿಯೋ ತಂಡ 1989ರವರೆಗೂ ಕಾದಿತು. ಒಳ್ಳೆ ಆಟಗಾರನಿಗೆ ತಂಡವೂ ಕಾಯುತ್ತದೆ ಎಂದಾಯ್ತು.

2019ರಲ್ಲಿ ಅಲ್ಲಿನ ಸರ್ಕಾರ, ಮೊದಲು ಆಡಿ ಆಮೇಲೆ ಸೇವೆ ಮಾಡಬಹುದು, ಕೇಳಿಕೊಂಡರೆ ಅನುಮತಿ ಕೊಡುತ್ತೇವೆ ಎಂದಿತು. ಆದರೆ 2021ರಲ್ಲಿ ಕ್ಯಾಮರನ್ ಕಿನ್ಲೆ ಎಂಬ ಹುಡುಗ ಕೇಳಿದಾಗ ನೌಕಾಪಡೆ ಮೊದಲು ಆಗಲ್ಲ ಅಂದಿತು, ಗಲಾಟೆ ಆದ ಮೇಲೆ ಒಪ್ಪಿತು. ಜನರ ತೆರಿಗೆ ದುಡ್ಡಿನಲ್ಲಿ ಓದಿ ಆಟಕ್ಕೆ ಹೋಗುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. 2022ರ ಕೊನೆಯಲ್ಲಿ, ಎರಡು ವರ್ಷವಾದರೂ ಸೇವೆ ಮಾಡಿಯೇ ಹೋಗಬೇಕು ಎಂದು ಕಾನೂನು ಮಾಡಿದರು. ನನ್ನ ಕೇಳಿದರೆ, ಸಾಲ ಮಾಡಿದವನು ಗಡುವು ಕೇಳುವುದು ತಪ್ಪಲ್ಲ. ಆದರೆ ಗಡುವು ಕೊಡುವುದು ಬಿಡುವುದು ಕೊಟ್ಟವರಿಗೆ ಬಿಟ್ಟದ್ದು.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ದಾರಿಯೇ ಬೇರೆ. ಆಟಗಾರನನ್ನು ಆಟಗಾರನಾಗಿಯೇ ಸೈನ್ಯ ಒಳಗೆ ಕರೆದುಕೊಳ್ಳುತ್ತದೆ. ನೀರಜ್ ಚೋಪ್ರಾ 2016ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದರು, ಅದೇ ವರ್ಷ ರಜಪೂತಾನಾ ರೈಫಲ್ಸ್‌ನಲ್ಲಿ ನೇರವಾಗಿ ನಾಯಬ್ ಸುಬೇದಾರ್ ಆದರು. ಟೋಕಿಯೋದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದದ್ದು ಸೈನಿಕನಾಗಿಯೇ. ಎನ್.ಡಿ.ಎ.ಯಲ್ಲಿ ಓದಿದ ರಾಜ್ಯವರ್ಧನ್ ಸಿಂಗ್ ರಾಠೋಡ್ 2004ರಲ್ಲಿ ಅಥೆನ್ಸ್‌ನಲ್ಲಿ ಶೂಟಿಂಗ್ ಬೆಳ್ಳಿ ಗೆದ್ದಾಗ ಮೇಜರ್ ಆಗಿದ್ದರು. ನಮ್ಮ ಕೊಡಗಿನ ಎಂ.ಪಿ. ಗಣೇಶ್ ಸೈನ್ಯ ಸೇರಿ, ಸರ್ವಿಸಸ್ ತಂಡದಲ್ಲಿ ಹಾಕಿ ಆಡಿ, 1972ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರ ವಿಶ್ವಕಪ್‌ಗೆ ಅವರೇ ನಾಯಕರು, ಆಗ ಬೆಳ್ಳಿ ಬಂತು. ಬೆಂಗಳೂರಿನ ಎಂ.ಇ.ಜಿ.ಯಲ್ಲಿ, ಬೆಳಗಾವಿಯ ಮರಾಠಾ ಕೇಂದ್ರದಲ್ಲಿ ಚಿಕ್ಕ ಹುಡುಗರಿಗೇ ಬಾಯ್ಸ್ ಸ್ಪೋರ್ಟ್ಸ್ ಕಂಪನಿ ಇದೆ. ಅಲ್ಲೇ ಓದು, ಅಲ್ಲೇ ಆಟ, ವಯಸ್ಸಾದ ಮೇಲೆ ಅಲ್ಲಿಂದಲೇ ಸೈನ್ಯಕ್ಕೆ.

ಹಾಗಾದರೆ ದುಡ್ಡಿನ ಲೀಗು? ಅದಕ್ಕೂ ಬಾಗಿಲು ಮುಚ್ಚಿಲ್ಲ. ನೌಕಾಪಡೆಯ ನಿತಿನ್ ತೋಮರ್ ಅವರನ್ನು 2017ರ ಪ್ರೊ ಕಬಡ್ಡಿ ಹರಾಜಿನಲ್ಲಿ 93 ಲಕ್ಷ ರೂಪಾಯಿಗೆ ಕೊಂಡರು. ಆದರೆ ಕೆಲಸ ಕೊಟ್ಟ ಇಲಾಖೆ ಒಪ್ಪಿ ಕಳಿಸಬೇಕು.

ಇದನ್ನೆಲ್ಲಾ ಅಣ್ಣನಿಗೆ ಓದಿ ಹೇಳಿದಾಗ ಅವನು ಖುಷಿಯಾಗಿ ಬೀರುವಿನ ಮೇಲಿದ್ದ ಕಪ್ಪುಗಳನ್ನು ತೋರಿಸಿದ. ಹನ್ನೊಂದು ಇವೆ. ಪಿ.ಟಿ. ಮೇಷ್ಟ್ರು ಮಾತ್ರ ತಲೆ ಆಡಿಸಿದರು. "ಊರ ಹಬ್ಬದ ಕಪ್ಪು ಮಿಲಿಟ್ರಿ ಸ್ಪೋರ್ಟ್ಸ್ ಕೋಟಾಕ್ಕೆ ನಡೆಯಲ್ಲ ಕಣಪ್ಪ. ರಾಜ್ಯಕ್ಕೆ, ದೇಶಕ್ಕೆ ಆಡಿದ ಸರ್ಟಿಫಿಕೇಟು ಬೇಕು" ಅಂದರು. ಅಣ್ಣನ ಹತ್ತಿರ ಅಂಥದ್ದು ಒಂದೂ ಇಲ್ಲ. ಆ ದಿನ ಅವನು ರಾತ್ರಿ ಊಟ ಮಾಡಲಿಲ್ಲ.

ಈಗ ಅವನು ಅಗ್ನಿವೀರದ ಅರ್ಜಿ ಹಾಕಿದ್ದಾನೆ. ಅದು ನಾಲ್ಕು ವರ್ಷದ ಕೆಲಸ, ಆಮೇಲೆ ನೂರಕ್ಕೆ 25 ಜನರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ ಅನ್ನುವುದೂ ಅವನಿಗೆ ಗೊತ್ತು. ಕಬಡ್ಡಿ ಬಿಟ್ಟಿಲ್ಲ. ಮುಂದಿನ ವಾರ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಜಿಲ್ಲಾ ತಂಡದ ಆಯ್ಕೆಗೆ ಹೋಗುತ್ತಾನೆ. ದೊಡ್ಡಪ್ಪ ಬಸ್ ಚಾರ್ಜು ಕೊಟ್ಟಿದ್ದಾರೆ. ಕೊಡುವಾಗ ಏನೂ ಮಾತಾಡಲಿಲ್ಲ, ಆದರೆ ನನ್ನನ್ನು ಕರೆದು, "ಆ ಏಳಡಿಯವನು ಯಾವ ಊರಿನವನೋ?" ಅಂತ ಕೇಳಿದರು.